ರೀಫಂಡ್ ಕೇಳಲು ಎಷ್ಟು ದಿನ? ಅಂಗಡಿ, ವಾಲೆಟ್, ಕಾರ್ಡ್, ಬ್ಯಾಂಕ್: ಯಾರ ಗಡುವು ಮೊದಲು ಮುಗಿಯುತ್ತದೆ

ಒಮ್ಮೆ ನಾನು ದುಡ್ಡು ಕಳೆದುಕೊಂಡಿದ್ದು ಸುಮ್ನೆ ಕಾದು ಕೂತು. ಆನ್‌ಲೈನ್‌ನಲ್ಲಿ ಹೆಡ್‌ಫೋನ್ ತರಿಸಿದ್ದೆ. ಬಂತು, ಎಡಗಡೆ ಸದ್ದೇ ಇಲ್ಲ. ಅಂಗಡಿಯವರಿಗೆ ಮೇಲ್ ಹಾಕಿದೆ. ‘ತೊಂದರೆಗೆ ವಿಷಾದಿಸುತ್ತೇವೆ, ನಮ್ಮ ತಂಡ ಪರಿಶೀಲಿಸುತ್ತಿದೆ’ ಎಂದು ಉತ್ತರ ಬಂತು. ಎರಡು ವಾರ ಬಿಟ್ಟು ಮತ್ತೆ ಕೇಳಿದೆ. ಅದೇ ಉತ್ತರ, ಕೆಳಗಿನ ಹೆಸರು ಮಾತ್ರ ಬೇರೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಟ್ಟ ಹಾಗೆ. ನಾನೂ ಪಾಪದವನ ಹಾಗೆ ನಾಳೆ, ನಾಳೆ ಎಂದು ಹೋಗುತ್ತಲೇ ಇದ್ದೆ. ಕೊನೆಗೆ ಸಿಟ್ಟು ಬಂದು ಕಾರ್ಡ್ ಕೊಟ್ಟ ಬ್ಯಾಂಕಿಗೆ ಫೋನ್ ಮಾಡಿದೆ. ಆ ಕಡೆ ಇದ್ದವರು ಕೀಬೋರ್ಡ್ ಕುಟ್ಟಿ ಹೇಳಿದರು: ‘ಡೆಲಿವರಿ ಆಗಿ 131 ದಿನ ಆಗಿದೆ ಸರ್. 120 ದಿನದ ಒಳಗೆ ಹೇಳಬೇಕಿತ್ತು.’

ಬರೀ ಹನ್ನೊಂದು ದಿನ ತಡ. ಅಂಗಡಿಯವರ ಜೊತೆ ಮಾತುಕತೆ ನಡೆಯುತ್ತಿರುವಷ್ಟು ದಿನ ಬ್ಯಾಂಕಿನ ಲೆಕ್ಕ ನಿಂತಿರುತ್ತದೆ ಎಂದುಕೊಂಡಿದ್ದೆ. ನಿಲ್ಲುವುದಿಲ್ಲ. ರೀಫಂಡ್ ಕೇಳಲು ಸಾಮಾನ್ಯವಾಗಿ ನಾಲ್ಕು ಬಾಗಿಲು ಇರುತ್ತವೆ: ಮಾರಿದವರು, ನಡುವಿನ ವಾಲೆಟ್ ಅಥವಾ ಮಾರುಕಟ್ಟೆ ತಾಣ, ಕಾರ್ಡ್ ಕೊಟ್ಟ ಬ್ಯಾಂಕು, ಆಮೇಲೆ ಕಾನೂನು. ಒಂದೊಂದಕ್ಕೂ ಅದರದೇ ಗಡುವು. ಎಲ್ಲ ಗಡುವೂ ಒಟ್ಟಿಗೇ ಓಡುತ್ತಿರುತ್ತವೆ. ಒಂದು ಕಡೆ ಕಾಯುತ್ತಾ ನಿಂತರೆ ಇನ್ನೊಂದು ಕಡೆ ಸದ್ದಿಲ್ಲದೆ ಚಿಲಕ ಬೀಳುತ್ತದೆ. ಹಾಗಾಗಿ ಯಾರು ಜಾಸ್ತಿ ದಿನ ಕೊಡುತ್ತಾರೆ ಎನ್ನುವುದಕ್ಕಿಂತ, ದಿನದ ಎಣಿಕೆ ಯಾವತ್ತಿನಿಂದ ಶುರು, ಯಾರ ಗಡುವು ಮೊದಲು ಮುಗಿಯುತ್ತದೆ ಎಂದು ನೋಡಬೇಕು.

ಅಂಗಡಿ: ಹತ್ತಿರದ ಬಾಗಿಲು, ಬೇಗ ಮುಚ್ಚುತ್ತದೆ

ಮೊದಲು ತಟ್ಟಬೇಕಾದದ್ದು ಇದನ್ನೇ. ಉಳಿದವರೆಲ್ಲ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ‘ಮಾರಿದವರನ್ನು ಕೇಳಿದ್ರಾ?’ ಎನ್ನುವುದೇ. ಆದರೆ ಇಲ್ಲಿನ ಗಡುವು ಚಿಕ್ಕದು, ಅದನ್ನು ಬರೆಯುವವರೂ ಅವರೇ. ಏಳು ದಿನ, ಹತ್ತು ದಿನ, ಮೂವತ್ತು ದಿನ, ಹೀಗೆ. ಪಾಲಿಸಿ ಪುಟದಲ್ಲಿ ಎರಡು ವಿಷಯ ಹುಡುಕಿ. ಲೆಕ್ಕ ಆರ್ಡರ್ ಮಾಡಿದ ದಿನದಿಂದಲೋ, ಡೆಲಿವರಿ ಆದ ದಿನದಿಂದಲೋ? ಆ ದಿನದೊಳಗೆ ನೀವು ರಿಟರ್ನ್ ಬೇಕು ಎಂದು ಒತ್ತಿದರೆ ಸಾಕೋ, ಅಥವಾ ವಸ್ತು ಅವರ ಗೋದಾಮು ಮುಟ್ಟಿರಬೇಕೋ? ಎರಡನೆಯದನ್ನು ನೋಡದೆ ಎಡವುವವರೇ ಜಾಸ್ತಿ.

ಕೆಲವು ಕಡೆ ಕಾನೂನೇ ಅಂಗಡಿಯವರ ಕೈ ಹಿಡಿದು ಬರೆಸುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕೈಗೆ ಬಂದ 14 ದಿನದೊಳಗೆ ಕಾರಣ ಹೇಳದೆ ಬೇಡ ಎನ್ನಬಹುದು. ಹೀಗೊಂದು ಹಕ್ಕಿದೆ ಎಂದು ಮಾರಿದವರು ತಿಳಿಸದೇ ಇದ್ದರೆ ಗಡುವು ಇನ್ನೂ 12 ತಿಂಗಳು ಬೆಳೆಯುತ್ತದೆ. ಬೇಡ ಎಂದು ಹೇಳಿದ ಮೇಲೆ ಅವರು 14 ದಿನದಲ್ಲಿ ಹಣ ಕೊಡಬೇಕು, ಆದರೆ ವಸ್ತು ಕೈಸೇರುವವರೆಗೆ ಅಥವಾ ಕಳಿಸಿದ ರಸೀದಿ ನೋಡುವವರೆಗೆ ತಡೆದಿಟ್ಟುಕೊಳ್ಳಬಹುದು. ನಿಮ್ಮ ಅಳತೆಗೆಂದೇ ಮಾಡಿಸಿದ ವಸ್ತು, ಇಂಥ ದಿನಕ್ಕೆಂದು ಬುಕ್ ಮಾಡಿದ ಹೋಟೆಲ್ ರೂಮು, ಇವು ಈ ಸೌಲಭ್ಯದ ಹೊರಗೆ.

ಆ್ಯಪ್, ಗೇಮ್‌ಗಳ ಲೆಕ್ಕ ಇನ್ನೂ ಬಿಗಿ. ಗೂಗಲ್ ಪ್ಲೇಯಲ್ಲಿ ಬಹುತೇಕ ದೇಶಗಳಲ್ಲಿ ಕೊಂಡ 48 ಗಂಟೆಯೊಳಗೆ ಗೂಗಲ್‌ನ್ನೇ ರೀಫಂಡ್ ಕೇಳಬಹುದು. ಅದು ದಾಟಿದರೆ ಆ್ಯಪ್ ಮಾಡಿದವರ ಹತ್ತಿರ ಹೋಗಿ ಎನ್ನುತ್ತಾರೆ. ಸ್ಟೀಮ್‌ನಲ್ಲಿ ಎರಡು ಷರತ್ತು ಒಟ್ಟಿಗೆ: ಕೊಂಡು 14 ದಿನ ಆಗಿರಬಾರದು, ಆಡಿದ್ದು 2 ಗಂಟೆ ಮೀರಿರಬಾರದು. ಗೇಮ್ ತೆರೆದಿಟ್ಟು ಊಟಕ್ಕೆ ಎದ್ದು ಹೋದರೂ ಆ ಗಂಟೆ ಓಡುತ್ತಿರುತ್ತದೆ!

ಮಾರುಕಟ್ಟೆ ತಾಣ ಮತ್ತು ವಾಲೆಟ್

ಮಾರುವವರು ಬೇರೆ, ತಾಣ ಬೇರೆ ಆಗಿದ್ದಾಗ ತಾಣದ್ದೇ ಒಂದು ಖಾತರಿ ಇರುತ್ತದೆ. ಅಮೆರಿಕದ ಅಮೆಜಾನ್‌ನಲ್ಲಿ ಹೊರಗಿನ ಮಾರಾಟಗಾರರಿಂದ ಕೊಂಡದ್ದಕ್ಕೆ ‘ಎ-ಟು-ಝಡ್’ ಖಾತರಿ ಇದೆ. ಡೆಲಿವರಿಗೆ ಅವರು ಕೊಟ್ಟ ಕೊನೆಯ ಅಂದಾಜು ದಿನದಿಂದ 90 ದಿನದೊಳಗೆ ಕೇಳಬೇಕು. ಇಬೇನಲ್ಲಿ 30 ದಿನ, ವಸ್ತು ಬಂದ ದಿನದಿಂದ ಅಥವಾ ಬರಬೇಕಿದ್ದ ಕೊನೆಯ ದಿನದಿಂದ. ಇದೆಲ್ಲ ತಾಣದ ಒಳಗೇ ದುಡ್ಡು ಕಟ್ಟಿದವರಿಗೆ ಮಾತ್ರ. ‘ಹೊರಗೆ ನೇರವಾಗಿ ಹಾಕಿ, ಸ್ವಲ್ಪ ಕಮ್ಮಿ ಮಾಡ್ತೀನಿ’ ಎನ್ನುವ ಮಾರಾಟಗಾರ ಆ ರಿಯಾಯಿತಿಯ ಜೊತೆಗೆ ನಿಮ್ಮ ಖಾತರಿಯನ್ನೂ ಕಿತ್ತುಕೊಳ್ಳುತ್ತಿರುತ್ತಾನೆ.

ವಾಲೆಟ್‌ಗಳಲ್ಲಿ ಪೇಪಾಲ್ ಇನ್ನೂ ಉದಾರಿ. ಹಣ ಕಟ್ಟಿದ ದಿನದಿಂದ 180 ದಿನದೊಳಗೆ ಡಿಸ್ಪ್ಯೂಟ್, ಅಂದರೆ ಮಾರಾಟಗಾರರ ಮೇಲೆ ತಕರಾರು, ತೆರೆಯಬಹುದು. ಕೇಳಲು ತುಂಬ ದಿನ ಅನ್ನಿಸುತ್ತದೆ, ಅಲ್ವಾ? ಒಳಗೊಂದು ಚಿಕ್ಕ ಗಡುವು ಕೂತಿದೆ. ಡಿಸ್ಪ್ಯೂಟ್ ತೆರೆದ 20 ದಿನದೊಳಗೆ ಅದನ್ನು ಕ್ಲೇಮ್ ಆಗಿ, ಅಂದರೆ ಪೇಪಾಲ್‌ನವರೇ ತೀರ್ಮಾನಿಸುವ ದೂರಾಗಿ, ಏರಿಸಬೇಕು. ಏರಿಸದಿದ್ದರೆ ತಾನಾಗಿಯೇ ಮುಚ್ಚಿಹೋಗುತ್ತದೆ. ಒಮ್ಮೆ ಮುಚ್ಚಿದ್ದನ್ನು ಮತ್ತೆ ತೆರೆಯಲು ಆಗುವುದಿಲ್ಲ. ‘ಡಿಸ್ಪ್ಯೂಟ್ ಕ್ಲೋಸ್ ಮಾಡಿ, ನಾಳೆನೇ ದುಡ್ಡು ಹಾಕ್ತೀವಿ’ ಎಂದು ಮಾರಾಟಗಾರ ಬೇಡಿಕೊಳ್ಳುವುದು ಈ 20 ದಿನದೊಳಗೇ. ದುಡ್ಡು ನಿಮ್ಮ ಖಾತೆಯಲ್ಲಿ ಕಾಣುವವರೆಗೆ ಕ್ಲೋಸ್ ಬಟನ್ ಮುಟ್ಟಬೇಡಿ. ಇನ್ನೊಂದು ಮಾತು: ‘ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ’ ಎಂದು ಆರಿಸಿ ಕಳಿಸಿದ ಹಣಕ್ಕೆ ಕೊಳ್ಳುವವರ ರಕ್ಷಣೆಯೇ ಇಲ್ಲ. ಅಪರಿಚಿತ ಮಾರಾಟಗಾರ ಹಾಗೆ ಕಳಿಸಿ ಎಂದರೆ ಅಲ್ಲಿಗೇ ಬಿಟ್ಟುಬಿಡಿ.

ಕಾರ್ಡ್: 120 ದಿನ, ಆದರೆ ಯಾವತ್ತಿನಿಂದ?

ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕ ಹಣ ವಾಪಸ್ ಎಳೆಯುವುದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಇದು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳು ಬ್ಯಾಂಕುಗಳಿಗೆ ಹಾಕಿಕೊಟ್ಟ ನಿಯಮ, ಸರ್ಕಾರದ ಕಾನೂನಲ್ಲ. ಅದಕ್ಕೇ ದೇಶ ಯಾವುದಾದರೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ, ಡೆಬಿಟ್ ಕಾರ್ಡಿಗೂ ಅನ್ವಯಿಸುತ್ತದೆ. ಗ್ರಾಹಕರ ಬಹುತೇಕ ದೂರುಗಳಿಗೆ ಎರಡೂ ಜಾಲಗಳಲ್ಲಿ ಗಡುವು 120 ದಿನ.

ಈ 120ನ್ನು ಬಾಯಿಪಾಠ ಮಾಡಿದರೆ ಸಾಲದು. ಅದು ಎಲ್ಲಿಂದ ಶುರು ಎನ್ನುವುದು ದೂರಿನ ಮೇಲೆ ಬದಲಾಗುತ್ತದೆ. ವಸ್ತು ಕೆಟ್ಟಿದ್ದರೆ ಅದು ಕೈಗೆ ಬಂದ ದಿನದಿಂದ. ಬರಲೇ ಇಲ್ಲ ಎಂದಾದರೆ ಬರಬೇಕಿದ್ದ ದಿನದಿಂದ. ಸೇವೆ ನಡುವೆ ನಿಂತುಹೋದರೆ, ಇನ್ನು ಸಿಗುವುದಿಲ್ಲ ಎಂದು ನಿಮಗೆ ಗೊತ್ತಾದ ದಿನದಿಂದ. ಒಂದು ವರ್ಷದ ಆನ್‌ಲೈನ್ ಕ್ಲಾಸಿಗೆ ಮೊದಲೇ ಪೂರ್ತಿ ಹಣ ಕಟ್ಟಿದ್ದೀರಿ ಎಂದುಕೊಳ್ಳಿ. ಎಂಟು ತಿಂಗಳು ನಡೆಯಿತು, ಒಂಬತ್ತನೇ ತಿಂಗಳು ಕಂಪನಿ ಬಾಗಿಲು ಹಾಕಿತು. ಹಣ ಕಟ್ಟಿ 120 ದಿನ ಎಂದೋ ದಾಟಿದೆ, ಇನ್ನೇನೂ ಮಾಡಕ್ಕಾಗಲ್ಲ ಎಂದು ಎಷ್ಟೋ ಜನ ಕೈ ಚೆಲ್ಲುತ್ತಾರೆ. ಹಾಗಲ್ಲ. ಲೆಕ್ಕ ಶುರುವಾಗುವುದು ಕ್ಲಾಸ್ ನಿಂತ ದಿನದಿಂದ. ಹೊರಗಿನ ಮಿತಿಯೊಂದಿದೆ: ವೀಸಾದಲ್ಲಿ ಮೂಲ ವಹಿವಾಟಿನಿಂದ 540 ದಿನ ದಾಟಿರಬಾರದು. ಅಂದರೆ ಸುಮಾರು ಒಂದೂವರೆ ವರ್ಷ. ಎರಡು ಮೂರು ವರ್ಷದ ಚಂದಾಕ್ಕೆ ಒಂದೇ ಸಲ ಕಟ್ಟುವ ಮುಂಚೆ ಈ 540 ನೆನಪಿರಲಿ. ರಿಯಾಯಿತಿ ಎಷ್ಟೇ ಚೆನ್ನಾಗಿದ್ದರೂ ಮೂರನೇ ವರ್ಷ ಕಂಪನಿ ಮುಳುಗಿದರೆ ಚಾರ್ಜ್‌ಬ್ಯಾಕ್ ಕೈಗೆ ಸಿಗುವುದಿಲ್ಲ.

ತುಂಬ ಬೇಗ ಹೋದರೂ ವಾಪಸ್ ಕಳಿಸುತ್ತಾರೆ. ವಸ್ತುವನ್ನು ಹಿಂತಿರುಗಿಸಿ ಹಣಕ್ಕೆ ಕಾಯುತ್ತಿದ್ದರೆ ವೀಸಾ ನಿಯಮದಲ್ಲಿ ಮಾರಿದವರಿಗೆ 15 ದಿನ ಸಮಯ ಕೊಡಬೇಕು. ಜೊತೆಗೆ ಬ್ಯಾಂಕಿಗೆ ಕಾಗದ ಜೋಡಿಸಲು ಸಮಯ ಬೇಕಲ್ಲ? 118ನೇ ದಿನ ಫೋನ್ ಮಾಡಿದರೆ ‘ಫಾರ್ಮ್ ಕಳಿಸ್ತೀವಿ, ತುಂಬಿ ಕೊಡಿ’ ಎನ್ನುವಷ್ಟರಲ್ಲಿ ಮುಗಿದಿರುತ್ತದೆ. ನನ್ನ ಲೆಕ್ಕದಲ್ಲಿ ಕಾರ್ಡಿನ ಗಡುವು 90 ದಿನ. ಉಳಿದ 30 ಬ್ಯಾಂಕಿನವರಿಗೆ ಬಿಟ್ಟದ್ದು.

ಕಾರ್ಡಿನ ಮೇಲೆ ಕಾನೂನಿನ ರಕ್ಷಣೆ ಬೇರೆಯೇ ಇರುವ ದೇಶಗಳಿವೆ. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲಿನ ತಪ್ಪನ್ನು ಆ ಬಿಲ್ ಕಳಿಸಿದ 60 ದಿನದೊಳಗೆ ಬರಹದಲ್ಲಿ ತಿಳಿಸಬೇಕು. ಫೋನಿನಲ್ಲಿ ಹೇಳಿದರೆ ಆ ಕಾನೂನಿನ ಹಕ್ಕು ಉಳಿಯುವ ಖಾತ್ರಿ ಇಲ್ಲ. ಬ್ರಿಟನ್‌ನಲ್ಲಿ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಇದೆ. 100 ಪೌಂಡ್ ಮೀರಿದ, 30,000 ಪೌಂಡ್ ದಾಟದ ವಸ್ತುವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ಮಾರಿದವರಷ್ಟೇ ಹೊಣೆ ಕಾರ್ಡ್ ಕಂಪನಿಗೂ ಇರುತ್ತದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಇದಕ್ಕೆ 6 ವರ್ಷ, ಸ್ಕಾಟ್ಲೆಂಡಿನಲ್ಲಿ 5 ವರ್ಷ ಸಮಯ. 120 ದಿನ ದಾಟಿತೆಂದು ಬ್ಯಾಂಕಿನವರು ಚಾರ್ಜ್‌ಬ್ಯಾಕ್ ಬೇಡವೆಂದರೂ ಈ ಸೆಕ್ಷನ್ ಹೆಸರು ಹೇಳಿ ಕೇಳಬಹುದು.

ಚಾರ್ಜ್‌ಬ್ಯಾಕ್‌ಗೆ ಇನ್ನೊಂದು ಮುಖವೂ ಇದೆ. ಗೇಮ್, ಆ್ಯಪ್‌ಗಳ ಕೆಲವು ಕಂಪನಿಗಳು ಚಾರ್ಜ್‌ಬ್ಯಾಕ್ ಬಂದ ತಕ್ಷಣ ನಿಮ್ಮ ಖಾತೆಯನ್ನೇ ಲಾಕ್ ಮಾಡಿಬಿಡುತ್ತವೆ. ಒಂದು ಗೇಮ್‌ನ ಹಣಕ್ಕಾಗಿ ಹತ್ತು ವರ್ಷ ಕೊಂಡಿಟ್ಟದ್ದೆಲ್ಲ ಸಿಕ್ಕಿಹಾಕಿಕೊಳ್ಳಬಹುದು. ಅಂಥ ಕಡೆ ಅವರದೇ ರೀಫಂಡ್ ಪುಟವನ್ನು ಪೂರ್ತಿ ಪ್ರಯತ್ನಿಸದೆ ಬ್ಯಾಂಕಿಗೆ ಹೋಗಬೇಡಿ.

ಖಾತೆಯಿಂದ ನೇರ ಹೋದ ದುಡ್ಡು

ಇಲ್ಲಿ ಮೂರು ಸಂಗತಿಗಳನ್ನು ಜನ ಕಲಸಿಬಿಡುತ್ತಾರೆ. ಪೇಮೆಂಟ್ ಫೇಲ್ ಆಗಿಯೂ ದುಡ್ಡು ಕಟ್ ಆಗಿದ್ದು, ನಾನು ಮಾಡದೇ ಹೋಗಿದ್ದು, ನಾನೇ ಕಳಿಸಿ ಮೋಸ ಹೋಗಿದ್ದು. ಮೂರಕ್ಕೂ ಗಡುವು ಬೇರೆ ಬೇರೆ.

ಮೊದಲನೆಯದಕ್ಕೆ ಓಡಾಟ ಕಮ್ಮಿ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಇದಕ್ಕೊಂದು ಸುತ್ತೋಲೆ ಹೊರಡಿಸಿತು. ಯುಪಿಐನಲ್ಲಿ ನಿಮ್ಮ ಖಾತೆಯಿಂದ ಕಟ್ ಆಗಿ ಇನ್ನೊಬ್ಬರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಕಟ್ಟಿದ್ದು ಅವರಿಗೆ ತಲುಪಿದ ಖಾತ್ರಿ ಸಿಗದಿದ್ದರೆ 5 ದಿನದೊಳಗೆ. ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಿದ್ದಕ್ಕೂ 5 ದಿನ. ಅದು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇಲ್ಲಿ ಗಡುವು ನಿಮಗಲ್ಲ, ಬ್ಯಾಂಕಿಗೆ. ಆದ್ದರಿಂದ ಕಟ್ ಆದ ಹತ್ತು ನಿಮಿಷಕ್ಕೆ ಗಾಬರಿಯಾಗಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಅಲ್ಲಿ ಸಿಗುವ ನಕಲಿ ನಂಬರುಗಳಿಗೆ ಫೋನ್ ಮಾಡಿ ಇದ್ದದ್ದನ್ನೂ ಕಳೆದುಕೊಂಡವರಿದ್ದಾರೆ. ಆ್ಯಪ್‌ನಲ್ಲೇ ಆ ವಹಿವಾಟನ್ನು ಒತ್ತಿ ದೂರು ಹಾಕಿ, ಕಾಯಿರಿ.

ಎರಡನೆಯದರಲ್ಲಿ ಒಂದು ದಿನವೂ ಕಾಯಬೇಡಿ. ಒಂದೇ ಘಟನೆಗೆ ಮೂರು ಕಡೆ ಎಷ್ಟು ವ್ಯತ್ಯಾಸ ನೋಡಿ. ಭಾರತದಲ್ಲಿ 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ನಷ್ಟ ಸೊನ್ನೆ. 4ರಿಂದ 7 ದಿನವಾದರೆ ಒಂದು ಮಿತಿಯವರೆಗೆ ನಷ್ಟ ನಿಮ್ಮದು. ಏಳು ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಏನು ಹೇಳುತ್ತದೋ ಅದು. ಅಮೆರಿಕದಲ್ಲಿ ಡೆಬಿಟ್ ಕಾರ್ಡ್ ಕಳೆದದ್ದು ಗೊತ್ತಾದ 2 ಕೆಲಸದ ದಿನದೊಳಗೆ ಹೇಳಿದರೆ ನಷ್ಟ ಹೆಚ್ಚೆಂದರೆ 50 ಡಾಲರ್. ತಡವಾದರೆ 500ರವರೆಗೆ. ಸ್ಟೇಟ್‌ಮೆಂಟ್ ಕಳಿಸಿ 60 ದಿನವಾದರೂ ಸುಮ್ಮನಿದ್ದರೆ, ಆಮೇಲೆ ಹೋದದ್ದಕ್ಕೆ ಮಿತಿಯೇ ಇಲ್ಲ. ಯುರೋಪಿನಲ್ಲಿ 13 ತಿಂಗಳವರೆಗೆ ಅವಕಾಶ. ಆದರೆ ಗೊತ್ತಾದ ಮೇಲೆ ತಡ ಮಾಡಬಾರದು ಎಂಬ ಷರತ್ತು ಅಲ್ಲೂ ಇದೆ. ಓಟಿಪಿಯನ್ನು ನೀವೇ ಹೇಳಿದ್ದರೆ ಭಾರತದ ನಿಯಮದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಿಮ್ಮ ತಲೆಗೇ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅದಕ್ಕೇ ಫೋನ್ ಮಾಡಿದ ಗಂಟೆ, ನಿಮಿಷ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಪಿನ್ ಒತ್ತಿದ್ದು ನಾವೇ ತಾನೇ, ಬ್ಯಾಂಕಿನವರು ಮೊದಲು ತೋರಿಸುವುದು ಅದನ್ನೇ. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 7ರಿಂದ ಇದಕ್ಕೂ ನಿಯಮ ಬಂದಿದೆ. ಕೊನೆಯ ಬಾರಿ ಕಳಿಸಿದ 13 ತಿಂಗಳೊಳಗೆ ಕೇಳಬಹುದು, 85,000 ಪೌಂಡ್‌ವರೆಗೆ. ಭಾರತದಲ್ಲಿ ಇಂಥ ಮೋಸವಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಇಲ್ಲಿ ಲೆಕ್ಕ ದಿನದ್ದಲ್ಲ, ಗಂಟೆಯದ್ದು. ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯಬೇಕು.

ತಿಂಗಳು ತಿಂಗಳು ಕಟ್ ಆಗುವ ಚಂದಾದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಯುರೋಪಿನಲ್ಲಿ ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಕಟ್ ಆಗುವ ಸೆಪಾ ಡೈರೆಕ್ಟ್ ಡೆಬಿಟ್ ವ್ಯವಸ್ಥೆಯಲ್ಲಿ ಕಟ್ ಆದ 8 ವಾರದೊಳಗೆ ಕಾರಣ ಕೊಡದೆ ವಾಪಸ್ ಕೇಳಬಹುದು. ಒಪ್ಪಿಗೆಯೇ ಕೊಟ್ಟಿರಲಿಲ್ಲ ಎಂದರೆ 13 ತಿಂಗಳು. ಭಾರತದಲ್ಲಿ ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ಮೆಸೇಜ್ ಬರಬೇಕು. ಆ ಮೆಸೇಜನ್ನು ಓದದೆ ಒರೆಸಿಹಾಕುವುದೇ ನಮ್ಮ ಅಭ್ಯಾಸ. ಆಮೇಲೆ ರೀಫಂಡಿಗೆ ಒದ್ದಾಡುವುದಕ್ಕಿಂತ ಆ 24 ಗಂಟೆಯಲ್ಲಿ ನಿಲ್ಲಿಸುವುದು ಎಷ್ಟೋ ಸುಲಭ.

ಹಾಗಾದರೆ ಯಾವುದನ್ನು ಆರಿಸೋದು?

ಮನಸ್ಸು ಬದಲಾಯಿತು, ಬಣ್ಣ ಇಷ್ಟವಾಗಲಿಲ್ಲ ಎಂದರೆ ಅಂಗಡಿ ಬಿಟ್ಟು ಬೇರೆ ದಾರಿ ಇಲ್ಲ. ಇಂಥದ್ದಕ್ಕೆ ಚಾರ್ಜ್‌ಬ್ಯಾಕ್ ಹಾಕಿದರೆ ಸೋಲುತ್ತೀರಿ. ನಾನು ಮಾಡಿದ ಪೇಮೆಂಟೇ ಅಲ್ಲ ಎಂದರೆ ಅಂಗಡಿಯನ್ನು ಕೇಳುತ್ತಾ ಕೂರಬೇಡಿ, ನೇರ ಬ್ಯಾಂಕು, ಅವತ್ತೇ. ಕಂಪನಿ ಮುಚ್ಚಿಹೋಗಿದೆ ಎಂದರೂ ನೇರ ಬ್ಯಾಂಕು. ಮೇಲ್ ಹಾಕಿದರೂ ಓದುವವರಿಲ್ಲ.

ಗೊಂದಲ ಇರುವುದು ನಡುವಿನದರಲ್ಲಿ: ವಸ್ತು ಬರಲಿಲ್ಲ, ಅಥವಾ ಕೆಟ್ಟದ್ದು ಬಂತು, ಮಾರಿದವರು ಉತ್ತರವನ್ನೂ ಕೊಡುತ್ತಿದ್ದಾರೆ. ಈಗ ನಾನು ಹೀಗೆ ಮಾಡುತ್ತೇನೆ. ಮೊದಲ ಮೇಲ್‌ನಲ್ಲೇ ದಿನಾಂಕ ಹಾಕಿ ಕೇಳುತ್ತೇನೆ: ‘ಇಂಥ ತಾರೀಕಿನೊಳಗೆ ಹಣ ವಾಪಸ್ ಬರದಿದ್ದರೆ ಕಾರ್ಡ್ ಬ್ಯಾಂಕಿಗೆ ದೂರು ಕೊಡುತ್ತೇನೆ.’ ಹದಿನೈದು ದಿನ ಸಾಕು. ಚಾಟ್‌ನಲ್ಲಿ ಮಾತಾಡಿದರೆ ಮುಗಿಯುವ ಮುಂಚೆ ಸ್ಕ್ರೀನ್‌ಶಾಟ್. ಆ ತಾರೀಕು ದಾಟಿದ ಮರುದಿನ ಮುಂದಿನ ಬಾಗಿಲು. ವಾಲೆಟ್ ಮೂಲಕ ಕಾರ್ಡ್ ಬಳಸಿದ್ದರೆ ಎರಡೂ ದಾರಿ ಇರುತ್ತವೆ. ಮೊದಲು ವಾಲೆಟ್‌ನಲ್ಲಿ ಕೇಳಿ, ಕಾರ್ಡಿನ ಗಡುವಿನ ಮೇಲೆ ಕಣ್ಣಿಡಿ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದು ರದ್ದಾಗುವುದೇ ಜಾಸ್ತಿ. ಎರಡು ಕಡೆಯಿಂದಲೂ ಹಣ ಬಂದರೆ ಒಂದನ್ನು ವಾಪಸ್ ಕೊಡಬೇಕು, ಅದು ಬೇರೆ ತಲೆನೋವು.

ವೋಚರ್ ಕೊಡ್ತೀವಿ ಎಂದರೆ? ಒಪ್ಪುವ ಮುಂಚೆ ಯೋಚಿಸಿ. ವೋಚರ್ ತೆಗೆದುಕೊಂಡರೆ ಲೆಕ್ಕ ಚುಕ್ತಾ ಆಯಿತು ಎಂದು ಅವರು ಬ್ಯಾಂಕಿಗೆ ತೋರಿಸಬಹುದು. ವೋಚರಿಗೂ ಅದರದೇ ಎಕ್ಸ್‌ಪೈರಿ ಇರುತ್ತದೆ.

‘ರೀಫಂಡ್ ಆಗಿದೆ’ ಎಂದ ಮೇಲೆ

ಕೇಳುವ ಗಡುವು ಬೇರೆ, ಹಣ ಬಂದು ಬೀಳುವ ಸಮಯ ಬೇರೆ. ‘ಪ್ರೊಸೆಸ್ ಆಗಿದೆ, 5ರಿಂದ 7 ಕೆಲಸದ ದಿನ’ ಎಂಬ ಮೆಸೇಜ್ ಬಂದರೆ ಸುಮ್ಮನಾಗಬೇಡಿ, ನಂಬರ್ ಕೇಳಿ. ಕಾರ್ಡ್ ರೀಫಂಡ್ ಆದರೆ ಎಆರ್‌ಎನ್ ಎಂಬ 23 ಅಂಕಿಯ ಸಂಖ್ಯೆ ಇರುತ್ತದೆ. ಯುಪಿಐ ಆದರೆ 12 ಅಂಕಿಯ ಯುಟಿಆರ್. ನಿಜವಾಗಿ ಕಳಿಸಿದ್ದರೆ ಕೊಡುತ್ತಾರೆ. ಅದನ್ನು ನಿಮ್ಮ ಬ್ಯಾಂಕಿಗೆ ಹೇಳಿದರೆ ದುಡ್ಡು ಎಲ್ಲಿದೆ ಎಂದು ಹುಡುಕಿಕೊಡಬಹುದು. ನಂಬರ್ ಕೊಡಲು ಎಳೆದಾಡುತ್ತಿದ್ದರೆ ಇನ್ನೂ ಕಳಿಸಿಲ್ಲ ಎಂದೇ ನಾನು ತಿಳಿಯುತ್ತೇನೆ.

ಒಮ್ಮೊಮ್ಮೆ ರೀಫಂಡ್ ಬಂದೇ ಇಲ್ಲ ಎಂದು ಹುಡುಕುತ್ತೇವೆ, ಆದರೆ ಕಟ್ ಆಗಿದ್ದ ಸಾಲೇ ಸ್ಟೇಟ್‌ಮೆಂಟಿನಿಂದ ಮಾಯವಾಗಿರುತ್ತದೆ. ವಹಿವಾಟು ಪೂರ್ತಿಯಾಗುವ ಮುಂಚೆಯೇ ಕ್ಯಾನ್ಸಲ್ ಮಾಡಿದಾಗ ಹೀಗಾಗುತ್ತದೆ. ಜಮಾ ಎಂದು ಹೊಸ ಸಾಲು ಬರುವುದಿಲ್ಲ, ಹಳೆಯದು ಅಳಿಸಿಹೋಗುತ್ತದೆ. ಕೂಗಾಡುವ ಮುಂಚೆ ಬ್ಯಾಲೆನ್ಸ್ ನೋಡಿ.

ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಉಳಿಯುವುದು ಕಾನೂನು. ಅದರ ಗಡುವು ದೊಡ್ಡದು, ಓಡಾಟವೂ ದೊಡ್ಡದು. ಭಾರತದ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ತಕರಾರು ಹುಟ್ಟಿದ ದಿನದಿಂದ 2 ವರ್ಷ. ಆಯೋಗಕ್ಕೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ನನ್ನ ಹೆಡ್‌ಫೋನ್ ಇನ್ನೂ ಡಬ್ಬಿಯಲ್ಲೇ ಇದೆ, ಬಿಲ್ಲೂ ಆ ‘ಪರಿಶೀಲಿಸುತ್ತಿದೆ’ ಮೇಲ್‌ಗಳ ಪ್ರಿಂಟೂ ಅದರ ಜೊತೆಗೇ. ಎರಡು ವರ್ಷ ತುಂಬಲು ಇನ್ನೂ ಐದು ತಿಂಗಳಿದೆ. ದೂರನ್ನು ಅರ್ಧ ಬರೆದಿಟ್ಟಿದ್ದೇನೆ.